ಹುಲಿಯಪ್ಪ ತಡೆದಿಟ್ಟ ಸೀನುಗಳು

ರಿಪ್ಪನ್‌ಪೇಟೆಯಲ್ಲಿ ನಾಲ್ಕು ದಾರಿ ಕೂಡುತ್ತವೆ. ಒಂದು ಸಾಗರಕ್ಕೆ, ಒಂದು ಹೊಸನಗರಕ್ಕೆ, ಒಂದು ತೀರ್ಥಹಳ್ಳಿಗೆ, ಇನ್ನೊಂದು ಶಿವಮೊಗ್ಗಕ್ಕೆ. ಈ ನಾಲ್ಕೂ ದಿಕ್ಕಿಗೆ ದಿನಾ ಬೆಳಿಗ್ಗೆ ದಂಡು ಕಳಿಸುವ ಚಕ್ರವರ್ತಿಯ ಹೆಸರು ಹುಲಿಯಪ್ಪ. ಕಿರೀಟದ ಬದಲು ಮಂಕಿ ಕ್ಯಾಪು, ರಾಜದಂಡದ ಬದಲು ಕೊಡೆ, ಶಂಖದ ಬದಲು ಕೆಂಪು ದಾರಕ್ಕೆ ಕಟ್ಟಿದ ಸ್ಟೀಲಿನ ಸೀಟಿ. ಸರ್ಕಾರದ ಯಾವ ಕಡತದಲ್ಲೂ ಇಂಥ ಹುದ್ದೆ ಇಲ್ಲ. ಖಾಸಗಿ ಬಸ್ಸಿನವರು ಅವನನ್ನು ಏಜೆಂಟ್ ಎನ್ನುತ್ತಾರೆ, ಅಷ್ಟೆ.

ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಕಾನೂನು ಬದಲಾದ ಮೇಲೆ ಮನೆಯವರದ್ದೇ ಆಗಿತ್ತು. ಅದನ್ನು ತಮ್ಮನ ಕೈಗೆ ಬಿಟ್ಟು ಹುಲಿಯಪ್ಪ ಮೀಸೆ ಚಿಗುರುವ ಮೊದಲೇ ಬಸ್ಸಿನ ಬಾಗಿಲಿಗೆ ಜೋತುಬಿದ್ದ. ಮೊದಲು ಕ್ಲೀನರ್, ಆಮೇಲೆ ಕಂಡಕ್ಟರ್, ಕೊನೆಗೆ ನೆಲಕ್ಕಿಳಿದು ಏಜೆಂಟ್. ಈಗ ಮೀಸೆ ನರೆತಿದೆ. “ಹುಂಚ, ಕೋಣಂದೂರು, ತೀರ್ಥಳ್ಳಿ! ತೀರ್ಥಳ್ಳಿ ತೀರ್ಥಳ್ಳಿ ತೀರ್ಥಳ್ಳಿ!” ಎಂದು ಅವನು ಕೂಗಿದರೆ ಸಾಗರಕ್ಕೆ ಹೊರಟವರಿಗೂ ಒಮ್ಮೆ ತೀರ್ಥಹಳ್ಳಿಗೆ ಹೋಗಿಬರೋಣ ಅನ್ನಿಸುತ್ತದೆ. ಅಡಿಕೆ ಮೂಟೆಯನ್ನೂ ಅತ್ತೆ ಸೊಸೆಯರನ್ನೂ ಒಂದೇ ಸೀಟಿನ ಆಚೀಚೆ ಹೊಂದಿಸುವ ಕಲೆ ಅವನಿಗೆ ಸಿದ್ಧಿಸಿತ್ತು. ಎಲ್ಲಕ್ಕಿಂತ ದೊಡ್ಡದು ಬಸ್ಸನ್ನು ಹಿಂದೆ ತರಿಸುವ ವಿದ್ಯೆ. ನಿಲ್ದಾಣ ಇರುವುದು ಅಂಗೈಯಷ್ಟು. ಆನೆಯಂಥ ಬಸ್ಸು ಅದರೊಳಗೆ ಹಿಂಬದಿಯಿಂದ ಬಂದು ತಿರುಗಬೇಕು. ಹುಲಿಯಪ್ಪ ಬಸ್ಸಿನ ಮೂಲೆಗೆ ನಿಂತು, ಕತ್ತನ್ನು ಗೂಬೆಯ ಹಾಗೆ ಸುತ್ತ ತಿರುಗಿಸುತ್ತ, “ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!” ಎಂದರೆ ಚಕ್ರ ಚರಂಡಿಯ ಅಂಚಿಗೆ ಬಂದು ಕೈಮುಗಿದಂತೆ ನಿಲ್ಲುತ್ತಿತ್ತು.

ಇಂಥ ಸಾಮ್ರಾಜ್ಯಕ್ಕೆ ಒಬ್ಬನೇ ಶತ್ರು. ಅದು ಅವನದೇ ಮೂಗು.

ಪಾಪ, ಮೂಗಿನ ತಪ್ಪಲ್ಲ. ಬಸ್ಸಿನ ಬೆನ್ನಿಗೆ ಏರುವ ಕಾಳುಮೆಣಸಿನ ಚೀಲ, ಇಳಿಯುವ ಒಣಮೀನಿನ ಬುಟ್ಟಿ, ಅಡಿಕೆಯ ಧೂಳು, ಡೀಸೆಲ್ ಹೊಗೆ, ಎದುರಿನ ಅಂಗಡಿಯ ಊದುಬತ್ತಿ ಎಲ್ಲವೂ ಬಂದು ಕದ ತಟ್ಟುವುದು ಆ ಒಂದೇ ಮೂಗಿಗೆ. ಪ್ರಾಯದಲ್ಲಿ ಹುಲಿಯಪ್ಪನ ಸೀನು ಹೆಸರಿಗೆ ತಕ್ಕ ಹಾಗಿತ್ತು. ಅದು ಹೊರಟರೆ ಮಾವಿನ ಮರದ ಕಾಗೆಗಳು ಏಳುತ್ತಿದ್ದವು, ಹೋಟೆಲಿನಲ್ಲಿ ಚಾ ಕುಡಿಯುವವರು ಲೋಟದ ಮೇಲೆ ಅಂಗೈ ಮುಚ್ಚುತ್ತಿದ್ದರು. ಒಮ್ಮೆ ಕಂಬಕ್ಕೆ ಕಟ್ಟಿದ ಆಡೊಂದು ಹಗ್ಗ ಹರಿದುಕೊಂಡು ಹೊಸನಗರದ ದಾರಿ ಹಿಡಿದದ್ದುಂಟು.

ಎಡವಟ್ಟಾದದ್ದು ಏಜೆಂಟ್ ಆದ ಹೊಸತರಲ್ಲಿ. ತೀರ್ಥಹಳ್ಳಿ ಬಸ್ಸಿಗೆ ಸೀಟಿ ಊದಬೇಕು, ಅಷ್ಟರಲ್ಲಿ ಸೀನು ಬಂತು. ಒಂದೇ ಒಂದು. ಹೊರಡುವ ಹೊತ್ತಿಗೆ ಒಂಟಿ ಸೀನು ಎಂದರೆ ಈ ಕಡೆಯಲ್ಲಿ ಮದುವೆ ದಿಬ್ಬಣವೂ ಹೊಸಿಲು ದಾಟದೆ ಕೂತುಬಿಡುತ್ತದೆ. ಒಂದು ಗುಟುಕು ನೀರು ಕುಡಿದೇ ಏಳುವುದು. ಜೋಡಿ ಸೀನಾದರೆ ಶುಭ, ನಗುತ್ತ ಹೋಗಬಹುದು. ಆಗಿನ ಡ್ರೈವರ್ ಇದನ್ನೆಲ್ಲ ನಂಬದ ಶೂರ. ನಕ್ಕು ಗೇರ್ ಹಾಕಿದ. ಹುಂಚ ಇನ್ನೂ ದೂರವಿರುವಾಗಲೇ ಬಸ್ಸು ತಿರುವಿನಲ್ಲಿ ಜಾರಿ ಗದ್ದೆಗಿಳಿದು ಕೆಸರಲ್ಲಿ ಕೂತಿತು. ಯಾರಿಗೂ ಗಾಯವಿಲ್ಲ. ಚೌಡಿಗೆ ಹರಕೆಯೆಂದು ಬುಟ್ಟಿಯಲ್ಲಿ ಹೊರಟಿದ್ದ ಹುಂಜ ಮಾತ್ರ ಗಲಾಟೆಯಲ್ಲಿ ತಪ್ಪಿಸಿಕೊಂಡು ಕಾಡು ಸೇರಿತು. ಅದರ ಮಟ್ಟಿಗೆ ಆ ಸೀನು ಮಹಾ ಶುಭ. ಉಳಿದವರೆಲ್ಲ ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ಬಂದು ಹುಲಿಯಪ್ಪನ ಮೂಗನ್ನೇ ನೋಡಿದರು.

ಅಂದಿನಿಂದ ಏಜೆಂಟ್ ಸೀನಿದರೆ ಇಂಜಿನ್ ಬಂದ್. ಎಲ್ಲರೂ ನೀರು ಕುಡಿಯುವುದು, ಕೂರುವುದು, ಹಿಂದಿನ ಬಸ್ಸಿನವನು ಬಂದು ಟೈಮಿಗೆ ಜಗಳ ತೆಗೆಯುವುದು. ನಿಮಿಷಕ್ಕೆ ನಿಮಿಷ ಕಚ್ಚಾಡುವ ಖಾಸಗಿ ಬಸ್ಸುಗಳ ನಡುವೆ ಇದು ನಡೆಯುತ್ತದೆಯೇ? ಹುಲಿಯಪ್ಪ ಭೀಷ್ಮನಂತೆ ಶಪಥ ಮಾಡಿದ: ನಿಲ್ದಾಣದಲ್ಲಿ ನಿಂತಿರುವಷ್ಟು ಹೊತ್ತು ಇನ್ನು ಸೀನುವುದಿಲ್ಲ. ನಾಲಿಗೆಯನ್ನು ಅಂಗುಳಿಗೆ ಒತ್ತಿ, ಎರಡು ಬೆರಳಲ್ಲಿ ಮೇಲ್ತುಟಿ ಹಿಡಿದು, ಉಸಿರು ಕಟ್ಟಿ ಆಕಾಶ ನೋಡಿದರೆ ಸೀನು ಬಂದ ದಾರಿಯಲ್ಲೇ ಹಿಂದೆ ಸರಿಯುತ್ತಿತ್ತು. ಹೊಸಬರು ಅವನು ಮಳೆ ಬರುವುದನ್ನು ನೋಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ವರ್ಷ ವರ್ಷ ಹೀಗೇ ಕಳೆಯಿತು. ನಿಲ್ದಾಣದ ಅಭ್ಯಾಸ ಮನೆಗೂ ಬಂತು, ಮನೆಯಲ್ಲಿ ಯಾರಾದರೂ ಹೊರಡುತ್ತಲೇ ಇರುತ್ತಾರಲ್ಲ. ಬಸ್ಸುಗಳು ಸುಖವಾಗಿ ಹೋಗಿ ಬಂದವು. ಈ ಸುಖಕ್ಕೆಲ್ಲ ತನ್ನ ಮೇಲ್ತುಟಿಯೇ ಆಧಾರ ಎಂಬ ಹೆಮ್ಮೆ ಹುಲಿಯಪ್ಪನಿಗೆ ಒಳಗೊಳಗೇ ಬಲಿಯಿತು.

ಈ ವರ್ಷದ ಬೇಸಿಗೆಯಲ್ಲಿ ಕುತ್ತಿಗೆಯ ಬಲಬದಿ ಸಣ್ಣಗೆ ಹಿಡಿಯಿತು. ದಿಂಬು ಸರಿಯಿಲ್ಲ ಎಂದುಕೊಂಡ. ಮಳೆ ಶುರುವಾದದ್ದೇ ತಡ, ಅದು ಒಳಗೆ ಕಬ್ಬಿಣದ ಸಲಾಕೆ ಇಟ್ಟ ಹಾಗಾಯಿತು. ಬೆಳಿಗ್ಗೆ ಎದ್ದರೆ ತಲೆ ನೆನೆದ ಕಂಬಳಿಯಷ್ಟು ಭಾರ. ಮಧ್ಯಾಹ್ನ ಬಲಗಣ್ಣು ಉರಿ. ಸಂಜೆಯಾದರೆ ಅರ್ಧ ತಲೆಗೆ ಸುತ್ತಿಗೆಯೇಟು. ಊಟದ ಪರಿಮಳವೂ ಮೂಗಿಗೆ ಸರಿಯಾಗಿ ಸಿಗದಾಯಿತು. ಗೂಬೆಯ ಕತ್ತು ಹೋಗಿ ಗೂಟದ ಕತ್ತಾಯಿತು. ಹಿಂದೆ ನೋಡಬೇಕೆಂದರೆ ಹುಲಿಯಪ್ಪ ಇಡೀ ದೇಹವನ್ನು ಉತ್ಸವಮೂರ್ತಿಯಂತೆ ತಿರುಗಿಸಬೇಕು.

ಒಂದು ದಿನ ತಿರುಗುವುದು ತಡವಾಯಿತು. ‘ಮಲೆರಾಣಿ’ ಬಸ್ಸು ಹಿಂದೆ ಬರುತ್ತ ಮೀನು ಮಾರುವವನ ಸ್ಕೂಟರಿಗೆ ತಾಗಿ, ಬುಟ್ಟಿಯ ಬಂಗುಡೆಗಳು ರಸ್ತೆಯಲ್ಲಿ ಮತ್ತೊಮ್ಮೆ ಈಜಿದವು. ಮೀನಿನವನು ಚಾ ಕುಡಿಯಲು ಹೋಗಿದ್ದರಿಂದ ಬದುಕಿದ.

ಮಲೆರಾಣಿಯ ಮಾಲೀಕರಾದ ಮುಕುಂದಯ್ಯ ಅವತ್ತೇ ಬಂದರು. ಬೈಯಲಿಲ್ಲ. ಬೈದಿದ್ದರೆ ಹುಲಿಯಪ್ಪನಿಗೆ ಹಗುರವಾಗುತ್ತಿತ್ತು.

“ನೋಡು ಹುಲಿಯಪ್ಪ, ನೀ ಇರೋತನ್ಕ ನಂಗೆ ಇನ್ನೊಬ್ಬ ಬೇಡ. ಆದ್ರೆ ಹಿಂದೆ ನೋಡಕ್ಕೆ ಆಗ್ದೋನು ಬಸ್ಸು ಹಿಂದೆ ತರ್ಸೋದು ಹೆಂಗೆ ಮಾರಾಯ? ಇವತ್ತು ಮೀನಾತು. ನಾಳೆ ಮನ್ಷ ಆದ್ರೆ?”

“ಕಡ್ಮೆ ಆಗ್ತದೆ ಅಯ್ಯ.”

“ಆಗ್ಲಿ. ಆಯುಧಪೂಜೆ ಒಳಗೆ ಆಗ್ಲಿ. ಇಲ್ದಿದ್ರೆ ಸೀಟಿ ಬೇರೆಯವ್ರ ಕುತ್ತಿಗೆಗೆ ಹಾಕ್ಬೇಕಾಗ್ತದೆ.”

ಹುಲಿಯಪ್ಪ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಇದಿಲ್ಲದ ತನ್ನನ್ನು ಅವನಿಗೆ ಊಹಿಸಿಕೊಳ್ಳಲೂ ಆಗಲಿಲ್ಲ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಚೆನ್ನಾಗಿಯೇ ನೋಡಿದರು. ಎಕ್ಸ್‌ರೇ ಫೋಟೋ ತೆಗೆಸಿದರು, ಮುಖ ಕೈಕಾಲು ಆಡಿಸಿ ಪರೀಕ್ಷೆ ಮಾಡಿದರು. ಮೂಳೆ ಸರಿ ಇದೆ, ನರ ಸರಿ ಇದೆ, ಭಯ ಬೇಡ ಎಂದರು. ನೋವಿಗೆ ಮಾತ್ರೆ, ಕುತ್ತಿಗೆಗೊಂದು ಪಟ್ಟಿ ಕೊಟ್ಟರು. ಮಾತ್ರೆ ನುಂಗಿದಾಗ ನೋವು ಹಿಂದೆ ಸರಿಯುವುದು, ಮಾತ್ರೆ ಮುಗಿದಾಗ ಮುಂದೆ ಬರುವುದು. ಪಟ್ಟಿ ಕಟ್ಟಿ, ಅದರ ಮೇಲೆ ಸೀಟಿ ತೂಗಿಸಿಕೊಂಡು ನಿಂತ ಹುಲಿಯಪ್ಪನನ್ನು ಕಂಡು ಮಲೆರಾಣಿಯ ಡ್ರೈವರ್ ಬೆಳ್ಳಪ್ಪ, “ಹುಲಿಯಣ್ಣ, ನಂ ಟಾಮಿಗೂ ಹೀಂಗೇ ಒಂದು ಐತೆ, ಸೀಟಿ ಬದ್ಲು ಲೈಸೆನ್ಸ್ ತೂಗ್ತಾ ಇರ್ತದೆ,” ಎಂದ. ಬಯ್ಯಲು ಹುಲಿಯಪ್ಪ ಅವನತ್ತ ತಿರುಗುವಷ್ಟರಲ್ಲಿ ಬೆಳ್ಳಪ್ಪ ಬಸ್ಸು ಹತ್ತಿಯಾಗಿತ್ತು.

ಕೊನೆಗೆ ಹೆಂಡತಿ ಕನ್ನಮ್ಮ ಕೈಹಿಡಿದು ಹೊಸನಗರದ ದಾರಿಯಲ್ಲಿರುವ ಸರ್ಕಾರಿ ಆಯುರ್ವೇದ ಚಿಕಿತ್ಸಾಲಯಕ್ಕೆ ಎಳೆದುಕೊಂಡು ಹೋದಳು. ಗಡ್ಡದ ಮುದುಕರು ಇರುತ್ತಾರೆಂದು ಹುಲಿಯಪ್ಪ ಎಣಿಸಿದ್ದ. ಇದ್ದದ್ದು ಸ್ಕೂಟಿಯಲ್ಲಿ ಬಂದು ಹೆಲ್ಮೆಟ್ ತೆಗೆದು ಕೂತ ಡಾಕ್ಟರ್ ಜ್ಯೋತಿಲಕ್ಷ್ಮಿ. ಅವರು ಮೊದಲು ಆಸ್ಪತ್ರೆಯ ಫೋಟೋಗಳನ್ನು ಬೆಳಕಿಗೆ ಹಿಡಿದು ನೋಡಿದರು. “ಆ ಡಾಕ್ಟ್ರು ಸರಿಯಾಗೇ ನೋಡಿದಾರೆ. ಇದೊಂದು ಖಾತ್ರಿ ಆಗಿದ್ದು ಒಳ್ಳೇದಾಯ್ತು,” ಎಂದು ಅವನ ಮಣಿಕಟ್ಟಿಗೆ ಮೂರು ಬೆರಳಿಟ್ಟರು.

“ಮೂರು ಎಂತಕ್ಕೆ ಡಾಕ್ಟ್ರಮ್ಮ? ಒಂದ್ರಲ್ಲಿ ಸಿಗಲ್ವಾ?”

“ಒಂದೊಂದಕ್ಕೆ ಒಂದೊಂದು ಬೆರಳು, ಹುಲಿಯಪ್ಪನೋರೇ. ತೋರುಬೆರಳಿಗೆ ವಾತ, ನಡುಬೆರಳಿಗೆ ಪಿತ್ತ, ಉಂಗುರದ ಬೆರಳಿಗೆ ಕಫ. ವಾತ ಹಾವಿನ ಹಾಗೆ ಹರೀತದೆ. ಪಿತ್ತ ಕಪ್ಪೆ ಹಾಗೆ ಕುಪ್ಪಳಿಸ್ತದೆ. ಕಫ ಹಂಸದ ಹಾಗೆ ನಿಧಾನ ತೇಲ್ತದೆ.”

ಹುಲಿಯಪ್ಪ ತನ್ನ ಕೈಯನ್ನೇ ಗಾಬರಿಯಿಂದ ನೋಡಿದ. “ಇದ್ರೊಳಗೆ ಇಷ್ಟೆಲ್ಲ ಐತಾ?”

“ಹೆಗ್ಗಣ ಒಂದು ಬಾಕಿ,” ಎಂದಳು ಕನ್ನಮ್ಮ.

“ಈಗ ಯಾವ್ದು ಓಡ್ತಾ ಐತೆ?”

“ಹಾವು,” ಎಂದರು ಡಾಕ್ಟರು, ಕಣ್ಣು ಮುಚ್ಚಿಕೊಂಡೇ. “ಮೂರೂ ತಮ್ಮ ತಮ್ಮ ಅಳತೆಯಲ್ಲಿ ಇದ್ರೆ ಅದೇ ಆರೋಗ್ಯ. ಒಂದು ಅಳತೆ ಮೀರಿದ್ರೆ ಕಾಯಿಲೆ. ನಿಮ್ಮ ವಾತ ಮೀರಿದೆ. ಯಾಕೆ ಮೀರಿತು ಅನ್ನೋದು ಗೊತ್ತಾಗ್ಬೇಕು.”

ಉಪವಾಸ ಮಾಡುತ್ತೀರಾ? ಇಲ್ಲ. ನಿದ್ದೆ ಕೆಡುತ್ತೀರಾ? ಇಲ್ಲ. ತಂಗಳು, ಒಣ ಅವಲಕ್ಕಿ? ಅಪರೂಪ. ಕೇಳುತ್ತ ಕೇಳುತ್ತ ಡಾಕ್ಟರ ಹುಬ್ಬು ಗಂಟಾಯಿತು. ಒಳಕೋಣೆಯಲ್ಲಿ ಯಾರೋ ಒಣಶುಂಠಿ, ಮೆಣಸು ಕುಟ್ಟುತ್ತಿದ್ದರು. ಅದರ ಘಾಟು ತೇಲಿಕೊಂಡು ಬಂದದ್ದೂ, ಅವನಿಗಿಂತ ಮೊದಲು ಬಂದಿದ್ದ ಹೆಂಗಸು ಔಷಧಿ ಹಿಡಿದು ಬಾಗಿಲು ದಾಟಲು ಕಾಲೆತ್ತಿದ್ದೂ ಒಟ್ಟಿಗೇ ಆಯಿತು. ಹುಲಿಯಪ್ಪನ ಬೆರಳುಗಳು ತಾವಾಗಿ ಮೇಲ್ತುಟಿಗೆ ಹೋದವು. ಉಸಿರು ನಿಂತಿತು, ಕಣ್ಣು ಸೂರಿನತ್ತ ಹೋಯಿತು, ಮುಖ ಕೆಂಪಗಾಗಿ ಮತ್ತೆ ಮೊದಲಿನಂತಾಯಿತು.

“ಎಂತ ಮಾಡಿದ್ರಿ ಈಗ?” ಡಾಕ್ಟರು ಮುಂದೆ ಬಾಗಿದರು.

“ಎಂತಿಲ್ಲ. ಒಂದು ಸೀನು ಬಂದಿತ್ತು. ಆ ಅಮ್ಮ ಹೊರಟಿದ್ರಲ್ಲ, ವಾಪಸ್ ಕಳ್ಸಿದೆ.”

“ವಾಪಸ್... ದಿನಾ ಹೀಗೇ ಕಳಿಸ್ತೀರಾ?”

“ಇವ್ರು ಸೀನಿದ್ದು ನಾನು ಕಂಡೇ ಇಲ್ಲ,” ಎಂದಳು ಕನ್ನಮ್ಮ. “ಮದ್ವೆ ಆದ ವರ್ಷ ಒಂದ್ಸಲ ಸೀನಿದ್ರು. ನಂ ಅಪ್ಪ ಸಿಡ್ಲು ಅಂತ ಅಂಗಳದ ಭತ್ತ ಒಳಗೆ ಹಾಕ್ಸಿದ್ರು.”

ಹುಲಿಯಪ್ಪ ಗದ್ದೆಗಿಳಿದ ಬಸ್ಸಿನ ಕತೆಯಿಂದ ಹಿಡಿದು ತನ್ನ ಶಪಥದವರೆಗೆ ಎಲ್ಲವನ್ನೂ ಎದೆಯುಬ್ಬಿಸಿ ಹೇಳಿದ. ಡಾಕ್ಟರು ಹೊಗಳಲಿಲ್ಲ, ನಗಲೂ ಇಲ್ಲ. ಗಲ್ಲಕ್ಕೆ ಕೈಕೊಟ್ಟು ಕೇಳಿ, ನಿಧಾನಕ್ಕೆ ಹೇಳಿದರು. ದೇಹ ಹೊರಗೆ ಕಳಿಸಬೇಕಾದ್ದನ್ನು ಕಳಿಸಲು ಕೆಲವು ವೇಗಗಳಿವೆ. ಆಕಳಿಕೆ, ತೇಗು, ಕಣ್ಣೀರು, ಸೀನು ಎಲ್ಲ ಆ ಜಾತಿಯವು. ಅವನ್ನು ಬಲವಂತವಾಗಿ ತಡೆದರೆ ವಾತ ಕೆರಳುತ್ತದೆ. ಸೀನು ತಡೆದವರಿಗೆ ಏನಾಗುತ್ತದೆ ಎಂದು ಹಿಂದಿನವರು ಬರೆದಿಟ್ಟಿದ್ದಾರೆ: ಕುತ್ತಿಗೆ ಸೆಟೆಯುತ್ತದೆ, ಅರ್ಧ ತಲೆ ನೋಯುತ್ತದೆ, ಮೂಗು ಕಣ್ಣುಗಳ ಶಕ್ತಿ ಕುಂದುತ್ತದೆ.

ಹುಲಿಯಪ್ಪನ ಬಾಯಿ ತೆರೆದುಕೊಂಡಿತು. “ನನ್ನ ಬಗ್ಗೆ ಬರ್ದಿದಾರಾ? ಬಸ್ಸು ಇಲ್ದಿರೋ ಕಾಲದಲ್ಲಿ?”

“ಬಸ್ಸು ಇರ್ಲಿಲ್ಲ. ಮೂಗು ಇತ್ತಲ್ಲ.”

“ಆದ್ರೆ ಬೆಳಿಗ್ಗೆ ಭಾರ, ಮಧ್ಯಾಹ್ನ ಉರಿ ಎಂತಕ್ಕೆ? ಅದೂ ವಾತನೇಯಾ?”

“ಪಿತ್ತಕ್ಕೂ ಕಫಕ್ಕೂ ತಾವಾಗಿ ನಡೆಯೋ ಶಕ್ತಿ ಇಲ್ಲ. ವಾತ ಎಳ್ಕೊಂಡು ಹೋದಲ್ಲಿಗೆ ಹೋಗ್ತವೆ. ನಿಮ್ಮ ವಾತ ದಾರಿ ತಪ್ಪಿ ತಲೆಗೆ ಹೋಯ್ತು, ಅವೆರಡನ್ನೂ ಎಳ್ಕೊಂಡೇ ಹೋಯ್ತು. ಬೆಳಿಗ್ಗೆ ಕಫದ ಹೊತ್ತು, ಆಗ ಭಾರ. ನಡು ಮಧ್ಯಾಹ್ನ ಪಿತ್ತದ್ದು, ಆಗ ಉರಿ. ಸಂಜೆ ವಾತದ್ದು, ಆಗ ನೋವು.”

“ಶಿಫ್ಟು!” ಎಂದು ಹುಲಿಯಪ್ಪ ಮೇಜು ಕುಟ್ಟಿದ. “ಮೂರು ಶಿಫ್ಟು! ಅಂದ್ರೆ ಡಾಕ್ಟ್ರಮ್ಮ, ವಾತ ಅಂದ್ರೆ ಡ್ರೈವರ್ರು. ಪಿತ್ತ ಇಂಜಿನ್ ಬಿಸಿ.”

“ಹೂಂ, ಹಾಗೇ ಇಟ್ಕೊಳ್ಳಿ.”

“ಕಫ ಆಯ್ಲು, ಗ್ರೀಸು.”

“ಸರಿ.”

“ಬಿಸಿ ಹೆಚ್ಚಾದ್ರೆ ಇಂಜಿನ್ ಸೀಜು. ಗ್ರೀಸು ಹೆಚ್ಚಾದ್ರೆ ಬಸ್ಸು ಮಿಸುಕಲ್ಲ. ಡ್ರೈವರ್ ತಲೆ ಕೆಟ್ರೆ...” ಹುಲಿಯಪ್ಪನ ದನಿ ಇಳಿಯಿತು. “ಅಯ್ಯೋ. ಸೀನು ಅಂದ್ರೆ ಟೈಮಿಗೆ ಹೊರಟ ಬಸ್ಸು. ನಾನು ದಿನಾ ಗೇಟಲ್ಲೇ ಅಡ್ಡ ನಿಂತೆ. ಅದು ಹೋಗೋದೆಲ್ಲಿಗೆ? ಕುತ್ತಿಗೆ ಓಣಿಗೆ ನುಗ್ತು. ಹಿಂದಿಂದು, ಅದರ ಹಿಂದಿಂದು, ಎಲ್ಲ ಅಲ್ಲೇ ಜಾಮು!”

“ಬೇಸಿಗೆಯಲ್ಲಿ ವಾತ ಸದ್ದಿಲ್ಲದೆ ಸೇರ್ತಾ ಹೋಗ್ತದೆ, ಮಳೆ ಬಿದ್ದಾಗ ಕೆರಳ್ತದೆ. ನೀವು ವರ್ಷಗಟ್ಲೆ ಸೇರಿಸಿದ್ದು ಈ ಮಳೆಗೆ ಜಾಗ ಹಿಡೀತು.”

ಹುಲಿಯಪ್ಪ ಕಂಡ ವ್ಯವಸ್ಥೆಯೆಂದರೆ ಒಂದೇ, ತನ್ನ ನಿಲ್ದಾಣ. ಅದು ನಡೆಯಬೇಕಾದರೆ ದಿನವಿಡೀ ಗಂಟಲು ಹರಿಯಬೇಕು. ತನ್ನೊಳಗೆ ಇದಕ್ಕಿಂತ ದೊಡ್ಡದೊಂದು ನಿಲ್ದಾಣ ಯಾರ ಕೂಗಿಲ್ಲದೆ, ಸೀಟಿಯಿಲ್ಲದೆ, ಹುಟ್ಟಿದ ದಿನದಿಂದ ಟೈಮಿಗೆ ಸರಿಯಾಗಿ ನಡೆಯುತ್ತಿತ್ತು. ಅದರಲ್ಲಿ ಗಲಾಟೆ ಎಬ್ಬಿಸಿದವನು ತಾನೊಬ್ಬನೇ.

ಔಷಧಿ ದೊಡ್ಡದೇನಲ್ಲ. ಕುತ್ತಿಗೆಗೆ ಬಿಸಿ ಎಣ್ಣೆ ಸವರಿ ಲಕ್ಕಿ ಸೊಪ್ಪಿನ ಹಬೆ, ಬೆಳಿಗ್ಗೆ ಮೂಗಿಗೆ ಎಣ್ಣೆಯ ಹನಿ, ಬಿಸಿ ಅನ್ನಕ್ಕೆ ತುಪ್ಪ. “ಇವೆಲ್ಲ ನಾನು ಕೊಡೋದು. ನೀವು ಮಾಡಬೇಕಾದ್ದು ಒಂದು. ಸೀನು ಬಂದ್ರೆ ಬಿಟ್ಬಿಡಿ.”

“ಬಸ್ಸು ಹೊರಡೋ ಹೊತ್ತಿಗೆ ಬಂದ್ರೆ?”

“ಆಗ್ಲೂ.”

“ಜನ ಕೂತಿರ್ತಾರೆ ಡಾಕ್ಟ್ರಮ್ಮ. ಬಸ್ಸಿಗೆ ಎಂತಾದ್ರೂ ಆದ್ರೆ?”

ಡಾಕ್ಟರು ಆ ನಂಬಿಕೆಯ ತಂಟೆಗೆ ಹೋಗಲಿಲ್ಲ. “ನಿಮ್ಮ ಕತ್ತು ತಿರುಗದೆ ಬಸ್ಸಿನ ಹಿಂದೆ ಯಾರಾದ್ರೂ ಸಿಕ್ಕಿದ್ರೆ?” ಎಂದಷ್ಟೇ ಕೇಳಿದರು.

ಮನೆಗೆ ಹೋಗುವ ಬಸ್ಸಿನಲ್ಲಿ ಹುಲಿಯಪ್ಪ ಕೂತವರ ಮೇಲೆಲ್ಲ ಕಣ್ಣಾಡಿಸಿದ. ಮುಂದಿನ ಸೀಟಿನ ಅಜ್ಜಿ ಆಕಳಿಸಿದಳು. ಕಂಡಕ್ಟರ್ ತೇಗಿದ. ಅಮ್ಮನ ತೊಡೆಯ ಮಗು ಬೆವರಿ, ಅತ್ತು, ಬಿಕ್ಕಳಿಸಿ, ನಿದ್ದೆಹೋಯಿತು. ಬಸ್ಸಿನ ತುಂಬ ಹಾವುಗಳು ಹರಿಯುತ್ತಿದ್ದವು, ಕಪ್ಪೆಗಳು ಕುಪ್ಪಳಿಸುತ್ತಿದ್ದವು, ಹಂಸಗಳು ತೇಲುತ್ತಿದ್ದವು, ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ತಾನು ಲೆಕ್ಕ ಹಾಕಿ ತುಂಬಿದ್ದು ಬರೀ ತಲೆಗಳನ್ನು. ಒಂದೊಂದು ತಲೆಯ ಕೆಳಗೆ ಇಷ್ಟು ದೊಡ್ಡ ಸಂಸ್ಥಾನ ಇದೆಯೆಂದು ಗೊತ್ತಿದ್ದರೆ, ‘ಇನ್ನೂ ಸ್ವಲ್ಪ ಒಳಗೆ ಹೋಗ್ರಿ’ ಎಂದು ಹಾಗೆ ದೂಡುತ್ತಿರಲಿಲ್ಲ ಅನ್ನಿಸಿತು.

ಎಣ್ಣೆ, ಹಬೆ, ತುಪ್ಪಗಳಿಗೆ ಕುತ್ತಿಗೆ ಸ್ವಲ್ಪ ಸ್ವಲ್ಪ ಮೆತ್ತಗಾಯಿತು. ಎಡಕ್ಕೆ ಒಂದಿಷ್ಟು ತಿರುಗಿತು. ಬಲಕ್ಕೆ ಮಾತ್ರ ಮೊಂಡು. ಸೀನು ಬರಲೇ ಇಲ್ಲ. ವರ್ಷಗಟ್ಟಲೆ ಗೇಟಲ್ಲಿ ಅವಮಾನವಾದ ಸೀನು, ಈಗ ಕರೆದರೆ ಬರುತ್ತದೆಯೇ? ಆಯುಧಪೂಜೆ ಹತ್ತಿರವಾಗುತ್ತಿತ್ತು. ಗಂಡ ಹೆಂಡಿರು ಸೀನಿನ ಮೇಲೆ ಯುದ್ಧ ಸಾರಿದರು. ಕನ್ನಮ್ಮ ಒಣಮೆಣಸಿನಕಾಯಿ ಹುರಿದಳು. ಅವಳು ಸೀನಿದಳು, ಬೆಕ್ಕು ಸೀನಿತು, ಬೇಲಿಯಾಚೆಯವರು ಸೀನಿ ಬೈದರು. ಹುಲಿಯಪ್ಪ ಹೊಗೆಯ ನಡುವೆ ಋಷಿಯಂತೆ ಕೂತೇ ಇದ್ದ. ನಶ್ಯ ಏರಿಸಿದ. ಹುಲ್ಲುಕಡ್ಡಿ ತೂರಿಸಿದ. ಮೂಗಲ್ಲಿ ರಕ್ತ ಬಂತು, ಸೀನು ಬರಲಿಲ್ಲ.

ಈ ಪರಾಕ್ರಮ ಕೇಳಿ ಡಾಕ್ಟರು ಮೊದಲ ಸಲ ಗದರಿದರು. “ಬಂದಿದ್ದನ್ನ ತಡೆಯೋದೂ ತಪ್ಪು, ಬರದೆ ಇರೋದನ್ನ ಎಳೆಯೋದೂ ತಪ್ಪು. ಎರಡರಿಂದ್ಲೂ ವಾತ ಕೆರಳ್ತದೆ. ಖಾಲಿ ಬಸ್ಸನ್ನ ಹೊತ್ತಿಲ್ಲದ ಹೊತ್ತಲ್ಲಿ ಓಡಿಸ್ತೀರಾ ನೀವು? ಸುಮ್ನಿರಿ. ಅದರ ಟೈಮಿಗೆ ಅದು ಬರ್ತದೆ.”

ಸುಮ್ಮನಿರುವುದು! ಹುಲಿಯಪ್ಪನ ಜೀವಮಾನದಲ್ಲಿ ಯಾರೂ ಅವನಿಗೆ ಇಷ್ಟು ಕಷ್ಟದ ಕೆಲಸ ಹೇಳಿರಲಿಲ್ಲ.

ಆಯುಧಪೂಜೆಗೆ ಇನ್ನು ಎರಡೇ ದಿನ. ಬೆಳಗಿನ ತೀರ್ಥಹಳ್ಳಿ ಬಸ್ಸು ಮಲೆರಾಣಿ. ಹಬ್ಬದ ಜನ ಬಾಗಿಲ ತನಕ. ಬೆನ್ನಿಗೆ ಮೆಣಸಿನ ಚೀಲ. ಕೋಣಂದೂರಿನ ತಂಗಿಯ ಮನೆಗೆ ಹೊರಟ ಕನ್ನಮ್ಮ ಕಿಟಕಿಯ ಸೀಟಿನಲ್ಲಿ. ಸ್ಟೇರಿಂಗ್ ಮೇಲೆ ಬೆಳ್ಳಪ್ಪ. ಹುಲಿಯಪ್ಪನನ್ನು ಅಳೆಯಲೆಂದೇ ಬಂದು, ಚಾ ಹಿಡಿದು ಹೋಟೆಲಿನ ಮೆಟ್ಟಿಲ ಮೇಲೆ ನಿಂತ ಮುಕುಂದಯ್ಯ. ಹುಲಿಯಪ್ಪ ಸೀಟಿಯನ್ನು ಬಾಯಿಗಿಟ್ಟ. ಆಗ ಮೂಗಿನ ಬುಡದಲ್ಲಿ, ಬಹಳ ದೂರದಿಂದ, ಒಂದು ತುರಿಕೆ ಹೊರಟಿತು.

ಬೆರಳುಗಳು ಅಭ್ಯಾಸಬಲದಿಂದ ಮೇಲ್ತುಟಿಗೆ ಏರಿದವು. ಕಿಟಕಿಯಲ್ಲಿ ಕನ್ನಮ್ಮ ಕಂಡಳು. ಬಸ್ಸಿನ ತುಂಬ ಜನ ಕಂಡರು. ಇವತ್ತೊಂದಿನ ತಡೆದುಬಿಡಲೇ? ಇವಳು ಇಳಿದ ಮೇಲೆ ನೋಡಿಕೊಳ್ಳಬಹುದಲ್ಲ? ಹಾಗೆಂದುಕೊಳ್ಳುವಾಗಲೇ ಸೆಟೆದ ಬಲಗುತ್ತಿಗೆ ಚುಳುಕ್ಕೆಂದಿತು. ರಸ್ತೆಯಲ್ಲಿ ಹರಡಿದ ಬಂಗುಡೆಗಳು ಕಣ್ಣಿಗೆ ಬಂದವು, ಈ ಸಲ ಅವು ಮೀನುಗಳಾಗಿರಲಿಲ್ಲ. ಹುಲಿಯಪ್ಪ ಕೈ ಇಳಿಸಿದ. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಬಂದದ್ದಕ್ಕೆ ದಾರಿ ಬಿಟ್ಟು ನಿಂತ.

ಅದನ್ನು ಸೀನು ಎಂದರೆ ಕಡಿಮೆಯಾದೀತು. ಸೀಟಿ ಬಾಯಿಂದ ಗುಂಡಿನಂತೆ ಹಾರಿ, ದಾರ ಹರಿದುಕೊಂಡು, ಎದುರಿನ ಅಂಗಡಿಯ ಬಾಳೆಗೊನೆಗೆ ಹೊಕ್ಕಿತು. ಕಾಗೆಗಳು ಎದ್ದವು. ಮುಕುಂದಯ್ಯ ಲೋಟದ ಮೇಲೆ ಅಂಗೈ ಮುಚ್ಚುವಷ್ಟರಲ್ಲಿ ಚಾ ಅಂಗಿಯ ಮೇಲಿತ್ತು. ಬೆಳ್ಳಪ್ಪ ಇಂಜಿನ್ ಬಂದ್ ಮಾಡಿದ. ಇಡೀ ನಿಲ್ದಾಣ ಗಪ್‌ಚಿಪ್.

“ಒಂಟಿ...” ಎಂದು ಯಾರೋ ಪಿಸುಗುಟ್ಟುವುದರೊಳಗೆ ಎರಡನೆಯದು ಬಂತು. “ಜೋಡಿ! ಜೋಡಿ!” ಎಂದು ಬಸ್ಸು ಕುಣಿಯಿತು. ಮೂರನೆಯದು ಬಂತು. ಬಸ್ಸು ಕುಗ್ಗಿತು. ನಾಲ್ಕನೆಯದಕ್ಕೆ ಹಿಗ್ಗಿತು. ಆಮೇಲೆ ತಡೆಯಿಲ್ಲ. ಎಷ್ಟೋ ವರ್ಷಗಳಿಂದ ಸಾಲಾಗಿ ನಿಂತಿದ್ದವೆಲ್ಲ ಗೇಟು ತೆರೆದದ್ದೇ ಒಂದರ ಬೆನ್ನಿಗೊಂದು ಹೊರಟವು. ಕೆಲವು ಗುಡುಗು, ಕೆಲವು ಪಟಾಕಿ, ಕೆಲವು ಬರೀ ಬಾಲ. ಕಣ್ಣಲ್ಲಿ ನೀರು ಹರಿಯಿತು. ಎಣಿಸುತ್ತಿದ್ದವರ ಬೆರಳು ಮುಗಿದವು. ಕೊನೆಯದು ಹೋದ ಮೇಲೆ ಹುಲಿಯಪ್ಪ ಬಸ್ಸಿನ ಮೈಗೆ ಒರಗಿ ನಿಂತ. ಎಷ್ಟೋ ಕಾಲದಿಂದ ಬೀಗ ಹಾಕಿದ್ದ ಮನೆಯ ಕಿಟಕಿಗಳನ್ನು ಯಾರೋ ಒಂದೊಂದಾಗಿ ತೆರೆದಂತೆ ತಲೆಯೊಳಗೆ ಗಾಳಿಯಾಡಿತು. ಮೆಣಸು, ಡೀಸೆಲ್, ಚಾ, ಹೂವಿನ ವಾಸನೆ ಬೇರೆ ಬೇರೆಯಾಗಿ ಒಳಗೆ ಬಂದವು.

ಆಗ ಶುರುವಾಯಿತು ಮಹಾಯುದ್ಧ.

“ಸಮ ಕಣ್ರೋ! ನಾನು ಎಣ್ಸಿದೀನಿ, ಸಮ!” ಎಂದ ಬೆಳ್ಳಪ್ಪ, ಹುಲಿಯಪ್ಪನ ಎಡಕ್ಕಿದ್ದ ಡ್ರೈವರ್ ಬಾಗಿಲಿಂದ ಜೋತು.

“ಎಂತ ಸಮ? ಬೆಸ! ಕಡೇದು ಒಂದು ಸಣ್ಣದು ಬಂತಲ್ಲ, ಅದನ್ನ ಬಿಟ್ಯಾ?” ಎಂದ ಕಂಡಕ್ಟರ್, ಅವನ ಬಲಕ್ಕೆ ಬಸ್ಸಿನ ಹಿಂದಿನಿಂದ ಇಣುಕಿ.

“ಅದು ಸೀನಲ್ಲ ಮಾರಾಯ, ಉಸ್ರು!”

“ಉಸ್ರಾದ್ರೆ ನನ್ನ ಟೊಪ್ಪಿ ಎಂತಕ್ಕೆ ಹಾರ್ತು?”

“ನಿನ್ನ ಟೊಪ್ಪಿ ಎರಡನೇದಕ್ಕೇ ಹೋಗಿತ್ತು!”

“ಅಯ್ಯೋ ಸುಮ್ನಿರ್ರೋ!” ಕಿಟಕಿಯಿಂದ ಕನ್ನಮ್ಮ ಕಿರುಚಿದಳು. “ಇವ್ರ ಕತ್ತು ನೋಡಿ!”

ಎಲ್ಲರೂ ನೋಡಿದರು. ಬೆಳ್ಳಪ್ಪ ಕೂಗಿದಾಗ ಹುಲಿಯಪ್ಪನ ತಲೆ ಎಡಕ್ಕೆ ಹೋಗುತ್ತಿತ್ತು. ಕಂಡಕ್ಟರ್ ಕೂಗಿದಾಗ ಬಲಕ್ಕೆ ಹೋಗುತ್ತಿತ್ತು. ದೇಹ ಅಲ್ಲೇ ಇತ್ತು. ಹುಲಿಯಪ್ಪನಿಗೇ ಗೊತ್ತಾದದ್ದು ಆಗ. ಅವನು ಹೆದರಿಹೆದರಿ, ಬೇರೆಯವರ ಸಾಮಾನನ್ನು ಮುಟ್ಟುವವನಂತೆ, ಕತ್ತನ್ನು ಇನ್ನಷ್ಟು ಬಲಕ್ಕೆ ತಿರುಗಿಸಿದ. ಕೊನೆಯಲ್ಲಿ ಸ್ವಲ್ಪ ಹಿಡಿಯಿತು. ಆದರೂ ಬಸ್ಸಿನ ಹಿಂದಿನ ಚಕ್ರ ಕಂಡಿತು, ಚಕ್ರದ ಹಿಂದಿನ ಚರಂಡಿ ಕಂಡಿತು, ಚರಂಡಿಯ ಪಕ್ಕ ಹೂವಿನ ಬುಟ್ಟಿಯಿಟ್ಟು ಬಾಗಿದ್ದ ಹೆಂಗಸೊಬ್ಬಳು ಕಂಡಳು.

“ಅಮ್ಮಾ, ಬುಟ್ಟಿ ಆಚೆ ತಗೊಳ್ಳಿ. ಬಸ್ಸು ತಿರುಗ್ಬೇಕು,” ಎಂದ.

ಮುಕುಂದಯ್ಯ ಅಂಗಿ ಕೊಡವುತ್ತ ಬಂದು ಬಾಳೆಗೊನೆಯಿಂದ ಸೀಟಿ ಹೆಕ್ಕಿದರು. ಹರಿದ ದಾರಕ್ಕೆ ಗಂಟು ಹಾಕಿ, ಅವನ ಕುತ್ತಿಗೆಗೇ ಹಾಕಿದರು.

ಸಮವೋ ಬೆಸವೋ ತೀರ್ಮಾನವಾಗಲಿಲ್ಲ. ಇಬ್ಬರು ಮಾತ್ರ ಇಳಿದು ಮುಂದಿನ ಬಸ್ಸಿಗೆ ಹೋಗುತ್ತೇವೆಂದರು. ಉಳಿದವರು ನೀರು ಕುಡಿದು ಕೂತರು. ಕನ್ನಮ್ಮ ಇಳಿಯಲಿಲ್ಲ. “ನಿಮ್ಮ ಸೀನಿಗೆ ನಾನು ಹೆದರ್ತೀನಾ?” ಎಂದು ಸೆರಗು ಬಿಗಿದಳು. ಹುಲಿಯಪ್ಪ ಸೀಟಿ ಊದಿದ. ಬಸ್ಸು ತಿರುವು ದಾಟುವ ತನಕ ನೋಡಿದ. ಆಮೇಲೆ ಬೇರೆ ಬಸ್ಸುಗಳನ್ನು ಕಳಿಸುತ್ತಿದ್ದರೂ ಜೀವವೆಲ್ಲ ಕಿಸೆಯ ಫೋನಿನಲ್ಲಿತ್ತು.

ಫೋನು ಬಂದದ್ದು ಬಿಸಿಲೇರಿದ ಮೇಲೆ. ಬೆಳ್ಳಪ್ಪನ ದನಿಯಲ್ಲಿ ಜಯಭೇರಿ ಇರಲಿಲ್ಲ.

“ಹುಲಿಯಣ್ಣ, ಅತ್ಗೆನ ಕೋಣಂದೂರಲ್ಲಿ ಇಳ್ಸಿದೆ. ಎಲ್ಲ ಸುಖ. ಆದ್ರೆ ಊರು ದಾಟಿದ್ದೇ ಹಿಂದಿನ ಟೈರು ಡಮ್ ಅಂತು. ಕಂಡಕ್ಟ್ರು ಕುಣೀತಾ ಇದಾನೆ, ಬೆಸ ಬೆಸ ಅಂತ.”

ಸುತ್ತ ನಿಂತವರೆಲ್ಲ ಹುಲಿಯಪ್ಪನ ಮುಖ ನೋಡಿದರು. ಅವನ ಬೆರಳುಗಳು ಒಂದು ಕ್ಷಣ ಮೀಸೆಯ ಹತ್ತಿರ ಹೋದವು. ಅಲ್ಲಿಂದ ಕುತ್ತಿಗೆಗೆ ಇಳಿದವು.

“ಆ ಟೈರು ತೇಪೆ ಮೇಲೆ ತೇಪೆ ಹಾಕಿದ್ದಲ್ವನ?”

“ಹೌದು.”

“ಗಾಳಿ ಗಿಡಿದು ತುಂಬಿದ್ಯಾ?”

“ಹಬ್ಬದ ಲೋಡು ಅಂತ ಸ್ವಲ್ಪ ಜಾಸ್ತೀನೇ ಹಾಕ್ಸಿದ್ದೆ.”

“ಹಂಗಾದ್ರೆ ನನ್ನ ಮೂಗು ಎಂತ ಮಾಡ್ತು? ಗಾಳಿ ಕಟ್ಟಿಟ್ರೆ ಅದು ಎಲ್ಲಾದ್ರೂ ದಾರಿ ನೋಡ್ಕಂತದೆ ಕಣೋ. ಟೈರಿಗೂ ವಾತ ಇರ್ತದೆ. ಬದ್ಲಿ ಟೈರು ಹಾಕ್ಕೊಂಡು ಬಾ.”

ಫೋನು ಕಿಸೆಗಿಳಿಯಿತು. ಸಾಗರದ ಬಸ್ಸು ಅಷ್ಟರಲ್ಲಿ ಬಂದು, ತಿರುಗಲು ಜಾಗವಿಲ್ಲದೆ ಹಾರ್ನ್ ಹೊಡೆಯುತ್ತಿತ್ತು. ಹುಲಿಯಪ್ಪ ಅದರ ಹಿಂದಿನ ಮೂಲೆಗೆ ಹೋದ. ಹೋಗುವ ದಾರಿಯಲ್ಲಿ ಮತ್ತೊಂದು ಸೀನು ಬಂತು, ಒಂಟಿಯೇ. ಅದನ್ನು ಮರ್ಯಾದೆಯಿಂದ ಕಳಿಸಿಕೊಟ್ಟ. ಸಾಗರದ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಅನುಮಾನದಿಂದ ನೋಡಿದ. ಹುಲಿಯಪ್ಪ ಆ ಕಡೆ ನೋಡಲಿಲ್ಲ. ಅವನು ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ, ನೋವು ಇನ್ನೂ ಉಳಿದಿದ್ದ ತುದಿಯ ತನಕ ಕತ್ತನ್ನು ತಿರುಗಿಸಿ.

“ಬರ್ಲಿ,” ಎಂದ. “ಬರ್ಲಿ, ಬರ್ಲಿ.”